ಜಾಳಿಗೆಯ ಹಿಂದಿನ ಟೇಪು

ಮಾರ್ಚ್ ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವವಳಲ್ಲ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಈಗಲೂ ಒಂದು ಸಾಲು ಬರೆದು, ಎದ್ದು ಕಿಟಕಿ ತೆರೆದು ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಗುಬ್ಬಿ ಎರಡು ತಿಂಗಳಿಂದ ಉಬ್ಬಸದ ಪಫ್ ಮುಟ್ಟಿಲ್ಲ, ಶಾಲೆಯ ಮೆಟ್ಟಿಲನ್ನು ಓಡಿಕೊಂಡೇ ಹತ್ತುತ್ತಾಳೆ ಎಂದು ಬರೆದಿದ್ದೀಯ. ಓದಿ ಅತ್ತುಬಿಟ್ಟೆ. ಭಾವ ಬಡಗಿ ಕೆಲಸ ಬಿಟ್ಟಿದ್ದು ಸಾರ್ಥಕವಾಯಿತು, ಅವರ ಬಟ್ಟೆಯ ಮರದ ಪುಡಿಯೇ ಮಗಳ ಉಸಿರು ಕಟ್ಟಿಸುತ್ತಿತ್ತು ಎಂಬ ಸಾಲಿಗೆ ಬಂದವಳು ಕಾಗದ ಮಡಚಿಟ್ಟೆ. ಅಂದಿನಿಂದ ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಅಕ್ಕ, ಗುಬ್ಬಿಯ ಉಸಿರು ಕಟ್ಟಿಸಿದವಳು ನಾನು.

ನನ್ನ ಕೆಲಸ ನಿನಗೆ ಗೊತ್ತು. ಬಿಸಿ ಸೋರದ, ವಿದ್ಯುತ್ ಉಳಿಸುವ ಹೊಸ ಮನೆಗಳ ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ, ಗಾಳಿಕಿಂಡಿಗಳಿಗೆ ಟೇಪು ಹಚ್ಚಿ, ಬೇರೆಲ್ಲಿ ಗಾಳಿ ಸೋರುತ್ತದೆ ಎಂದು ಅಳೆಯಬೇಕು. ಆಮೇಲೆ ಟೇಪು ಕೀಳಬೇಕು. ಎಲ್ಲರೂ ಕಿಂಡಿಯ ಜಾಳಿಗೆಯ ಮೇಲೆ ಒಂದು ಪದರ ಹಚ್ಚುತ್ತಾರೆ. ನಮ್ಮಕ್ಕನ ಮನೆಯಲ್ಲವೇ, ಇಡೀ ಕಟ್ಟಡದಲ್ಲೇ ಹೆಚ್ಚು ಅಂಕ ಬರಲಿ ಎಂದು ನಾನು ಜಾಳಿಗೆ ಬಿಚ್ಚಿ ಒಳಗಿನ ಗಾಳಿ ಕೊಳವೆಯ ಬಾಯಿಗೂ ಹಚ್ಚಿದೆ. ಸಂಜೆ ಮೇಲಿನದನ್ನು ಕಿತ್ತೆ, ಒಳಗಿನದನ್ನು ಮರೆತೆ. ನನ್ನ ಸಹಿಯಿದ್ದ ಪ್ರಮಾಣಪತ್ರಕ್ಕೆ ನೀನು ಗಾಜಿನ ಕಟ್ಟು ಹಾಕಿಸಿದೆ.

ಸ್ನಾನದ ಹಬೆ, ಒಲೆಯ ಹಬೆ, ನಿಮ್ಮ ಮೂವರ ಉಸಿರು ಎಲ್ಲವೂ ಎರಡು ವರ್ಷ ಆ ಮನೆಯೊಳಗೇ ಸುತ್ತಿತು. ಗುಬ್ಬಿಯ ಮಂಚದ ಹಿಂದೆ ಕಪ್ಪು ಬೂಷ್ಟು ಹಿಡಿಯಿತು. ನೀನು ತಿಕ್ಕಿ ತಿಕ್ಕಿ ಬೆರಳು ಸವೆಸಿದೆ. ಮನೆಗೆ ಧೂಳು ತರುವವರು ಯಾರಾದರೂ ಇದ್ದಾರೆಯೇ ಎಂದು ಡಾಕ್ಟರು ಕೇಳಿದಾಗ ಎಲ್ಲರೂ ಭಾವನ ಅಂಗಿ ನೋಡಿದೆವು. ಹದಿನಾಲ್ಕನೆಯ ವಯಸ್ಸಿಗೇ ಉಳಿ ಹಿಡಿದ ಮನುಷ್ಯ ಈಗ ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುತ್ತಾರೆ.

ಬೇರೊಂದು ಕಟ್ಟಡದಲ್ಲಿ ಜೊತೆಯವಳೊಬ್ಬಳು ಕೊಳವೆಗೂ ಟೇಪು ಹಚ್ಚುವ ಇದೇ ಅತಿಬುದ್ಧಿ ತೋರಿಸಿದಾಗ ನನಗೆ ನೆನಪಾಯಿತು. ನಿಮ್ಮಲ್ಲಿಗೆ ಬಂದು, ನೀವೆಲ್ಲ ಪಾರ್ಕಿಗೆ ಹೋದ ಹೊತ್ತು ನೋಡಿ, ಟೇಪು ಕಿತ್ತು ಜೇಬಿಗೆ ತುರುಕಿಕೊಂಡೆ. ಗುಬ್ಬಿ ಚೇತರಿಸಿಕೊಂಡಿದ್ದು ಅಲ್ಲಿಂದ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಗೋಡೆಯ ಮೇಲಿನ ನನ್ನ ಸಹಿ ಕಾಣುತ್ತಿತ್ತು. ಹೆದರಿದೆ ಅಕ್ಕ, ಅಷ್ಟೇ.

ನಾಳೆ ಮೇಲಧಿಕಾರಿಗೆ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಗೋಡೆಯ ಸುಣ್ಣ ಕೆರೆಸಿ ಹೊಸದಾಗಿ ಬಳಿಸು, ಜಾಳಿಗೆಯನ್ನು ತಿಂಗಳಿಗೊಮ್ಮೆ ಒರೆಸು. ಗುಬ್ಬಿ ನೂರು ಕಾಲ ಕುಣಿದಾಡಿಕೊಂಡಿರಲಿ. ಭಾವನಿಗೆ ನಮಸ್ಕಾರ ತಿಳಿಸೆನ್ನಲು ನನಗೆ ಮುಖವಿಲ್ಲ.

ಇಂತಿ ನಿನ್ನ ತಂಗಿ,
ಗುಬ್ಬಿಯ ಗಾಳಿ ಚಿಕ್ಕಮ್ಮ

ತಾ.ಕ.: ಟೇಪು ಕಿತ್ತಿದ್ದು ಯಾವತ್ತು ಎಂದು ನೀನು ಕೇಳಿಯೇ ಕೇಳುತ್ತೀಯ. ಒಂದು ಭಾನುವಾರ. ಭಾವ ತಮ್ಮ ಉಳಿ, ಗರಗಸ, ಕೆಲಸದ ಮೇಜು ಎಲ್ಲ ಮಾರಿದ್ದು ಅದರ ಮುಂದಿನ ಬುಧವಾರ. ಮೇಜಿನ ಇನ್ನೊಂದು ತುದಿ ಹಿಡಿದು ಅವರ ಅಂಗಡಿಯ ಮೆಟ್ಟಿಲಿಳಿದವಳು ನಾನೇ. ನಡುವೆ ನಾನು ನಿಂತುಬಿಟ್ಟಾಗ ಭಾವ, "ಭಾರ ಆಗ್ತಿದ್ಯೇನಮ್ಮ? ಬಿಡು, ನಾನೇ ನೋಡ್ಕೋತೀನಿ" ಅಂದರು.

"ಇಲ್ಲ ಭಾವ, ಹಗುರಾನೇ ಇದೆ" ಅಂದೆ.