ರಿಯೋನಾಳ ಹೆಸರಿನ ಮೂವತ್ತೊಂದು ಗೋಲು

ಗ್ಲೆನ್ ವೇವರ್ಲಿ, ಮೆಲ್ಬರ್ನ್
೧೪ ಜೂನ್ ೨೦೨೫

ಪ್ರೀತಿಯ ವಸಂತಾ,

ಸಿಡ್ನಿಯಲ್ಲಿ ಚಳಿ ಹೇಗಿದೆ ಎಂದು ಕೇಳುವುದಿಲ್ಲ. ವಾರಕ್ಕೆರಡು ಸಲ ಐಸ್ ಮೇಲೆ ಬಿದ್ದೇಳುವ ನಮ್ಮಂಥವರಿಗೆ ಚಳಿಯ ಮಾತೇಕೆ? ನೇರವಾಗಿ ಜಗಳಕ್ಕೇ ಬರುತ್ತೇನೆ.

ನಮ್ಮ ಐಸ್ ಹಾಕಿ ತಂಡದ ಡಿಫೆನ್ಸ್ ಹುಡುಗಿ ರಿಯೋನಾಳನ್ನು ನಿನ್ನ ತಂಡಕ್ಕೆ ಬಿಟ್ಟುಕೊಟ್ಟರೆ, ಕ್ಲೈಡ್ ನಾರ್ತ್‌ನಲ್ಲಿ ಮನೆ ಕೊಂಡು ಇಲ್ಲಿಗೆ ಬರುತ್ತಿರುವ ಮಹತಿ, ಶಾಲಿನಿ ಇಬ್ಬರನ್ನೂ ನಮಗೆ ಕೊಡುತ್ತೇನೆ ಎಂದಿದ್ದೀಯ. ಇಬ್ಬರೂ ಗೋಲು ಹೊಡೆಯುವವರು. ರಿಯೋನಾ ಆಫೀಸಿನ ಕೆಲಸಕ್ಕೆಂದು ವಾರದಲ್ಲಿ ನಾಲ್ಕು ದಿನ ಸಿಡ್ನಿಯಲ್ಲೇ ಇರುತ್ತಾಳೆ, ನಿಜ. ಆದರೂ ಒಬ್ಬಳಿಗೆ ಇಬ್ಬರೇ? ಸೀರೆ ಅಂಗಡಿಯಲ್ಲೂ ಇಂಥ ಆಫರ್ ಆಷಾಢದಲ್ಲಿ ಮಾತ್ರ ಸಿಗುತ್ತದೆ.

ಈ ಟ್ರೇಡ್‌ನಲ್ಲಿ ನಿನಗೇ ಮೋಸ ಎಂದು ಹೋದ ವಾರ ಫೋನಿನಲ್ಲಿ ಹೇಳಿದೆನಲ್ಲ. ಲೀಗ್‌ನ ಪಟ್ಟಿಯೂ ಹಾಗೇ ಹೇಳುತ್ತದೆ. ಈ ಸೀಸನ್‌ನಲ್ಲಿ ರಿಯೋನಾ ಐಸ್ ಮೇಲಿದ್ದಾಗ ನಾವು ಹೊಡೆದ ಗೋಲು ಹನ್ನೆರಡು, ನಮಗೆ ಬಿದ್ದದ್ದು ಮೂವತ್ತೊಂದು. ಇದನ್ನು ಓದಿ ಹೇಳಿದರೆ ನೀನು ನಕ್ಕು, "ಅಂಕಿ ಬಿಡೇ ಅರು, ಆಟ ನೋಡು" ಎಂದು ಫೋನ್ ಇಟ್ಟುಬಿಟ್ಟೆ. ಅಲ್ಲಿಂದ ತಲೆಯಲ್ಲಿ ಹುಳ ಹೊಕ್ಕಿತು. ಅವಳಲ್ಲಿ ನಿನಗೆ ಕಂಡದ್ದು ನನಗೇಕೆ ಕಾಣುತ್ತಿಲ್ಲ?

ಮೂರು ಸಂಜೆ ಕೂತು ಹಳೆಯ ಮ್ಯಾಚ್‌ಗಳ ವಿಡಿಯೊ ನೋಡಿದೆ. ನಮ್ಮವರೂ ಕಾಫಿ ಹಿಡಿದು ಪಕ್ಕದಲ್ಲಿ ಕೂತರು. ಏಳೆಂಟು ಗೋಲು ಆದ ಮೇಲೆ, "ಅಲ್ವೇ, ಪ್ರತಿ ಸಲ ಆ ಹುಡುಗಿ ಯಾಕೆ ನಿನ್ನ ಜಾಗದಲ್ಲಿ ನಿಂತಿರ್ತಾಳೆ? ನೀನೆಲ್ಲಿ?" ಎಂದರು.

ನಾನು ಹಿಂದೆ ಬಿದ್ದಿದ್ದೆ, ವಸಂತಾ. ಐವತ್ತಾರರ ಮಂಡಿ ಇಟ್ಟುಕೊಂಡು ನಾನು ತಿರುಗುವಷ್ಟರಲ್ಲಿ ಎದುರಾಳಿ ದಾಟಿ ಹೋಗಿರುತ್ತಾಳೆ. ರಿಯೋನಾ ತನ್ನ ಕಡೆ ಬಿಟ್ಟು ನನ್ನ ಕಡೆ ಕಾಯಲು ಓಡುತ್ತಾಳೆ. ಖಾಲಿಯಾದ ಅವಳ ಕಡೆಯಿಂದ ಗೋಲು ಬೀಳುತ್ತದೆ. ಡಿಫೆನ್ಸ್‌ನವರು ಜೋಡಿಯಾಗಿ ಇಳಿಯಬೇಕು, ಜೋಡಿ ಮಾಡುವವಳು ಮ್ಯಾನೇಜರ್ ಆದ ನಾನೇ. ಕನ್ನಡ ಬರುವ ಮಂಗಳೂರಿನ ಹುಡುಗಿ ಎಂದು ಎರಡು ವರ್ಷದಿಂದ ಅವಳನ್ನು ನನ್ನ ಪಕ್ಕಕ್ಕೇ ಕಟ್ಟಿಹಾಕಿಕೊಂಡಿದ್ದೇನೆ. ಆಂಟಿ ಎಂದು ಕರೆದ ಮೇಲೆ, ಬೇರೆಯವರ ಜೊತೆ ಹಾಕಿ ಎಂದು ಹೇಗೆ ಕೇಳಿಯಾಳು? ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆಯೂ ಮೂವತ್ತೊಂದೇ ಇದೆ. ಅದನ್ನು ನಿನಗೆ ಓದಿ ಹೇಳಿರಲಿಲ್ಲ. ಬಹಳ ನಾಚಿಕೆಯಾಗಿದೆ ಕಣೇ.

ಇನ್ನು ಚೌಕಾಸಿ ಇಲ್ಲ, ಕರೆದುಕೋ. ಅವಳ ಪಕ್ಕದಲ್ಲಿ ಓಡಬಲ್ಲ ಒಬ್ಬಳನ್ನು ಇಳಿಸು.

ನಿನ್ನ ಜೊತೆ ಜಗಳಕ್ಕೆ ಬಂದು ಸೋತ,
ಅರುಂಧತಿ

ತಾ.ಕ.: ನಿನ್ನ ಜೊತೆ ನ್ಯಾಯ-ಅನ್ಯಾಯ ಮಾತಾಡುತ್ತಲೇ, ರಿಯೋನಾಳನ್ನು ಬಿಡಲು ಮನಸ್ಸಾಗದೆ ಟ್ರೇಡ್‌ಗೆ ಒಪ್ಪಿಗೆಯಿಲ್ಲ ಎಂದು ಲೀಗ್‌ಗೆ ಬರೆದು ಕಳಿಸಿಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಅದನ್ನು ವಾಪಸ್ ತೆಗೆದುಕೊಂಡು ಒಪ್ಪಿಗೆಗೆ ಸಹಿ ಹಾಕಿದೆ. ಸುದ್ದಿ ಕೇಳಿದ ರಿಯೋನಾ ಮೊದಲು ಕೇಳಿದ್ದು, "ಆಂಟಿ, ನೀವು ಆಡುದು ಬಿಡುದಿಲ್ಲ ಅಲ್ವಾ?" ಎಂದು. ಇಲ್ಲಮ್ಮ ಎಂದೆ. ಅಷ್ಟು ಹೊತ್ತಿಗೆ ನನ್ನ ಸ್ಕೇಟ್ಸನ್ನು ಕ್ಲಬ್ಬಿಗೆ ಹೊಸದಾಗಿ ಸೇರಿದವಳಿಗೆ ಕೊಟ್ಟಾಗಿತ್ತು. ಸೀಸನ್ ಮುಗಿಯುವ ತನಕ ರಿಯೋನಾಳಿಗೆ ಹೇಳಬೇಡ.