ಆಂಟೆನಾದ ಮೇಲೆ ಹಸಿ ಗೋಣಿತಟ್ಟು

ಬ್ಯಾಡಗಿ, ಜನವರಿ ೨೦೦೫

ಅಕ್ಕ, ಸೀನಿ ಸೀನಿ ಅಕ್ಷರ ಸೊಟ್ಟಗಾಗಿದೆ, ಬೈಯಬೇಡ. ಇಲ್ಲಿ ಇಡೀ ಊರು ಮೆಣಸಿನಕಾಯಿ ಒಣಗಿಸುತ್ತಿದೆ.

ಭೂಮಿ ನಡುಗಿದರೆ ಮೇಲೆ ವಾತಾವರಣದ ತುದಿಯ ವಿದ್ಯುತ್ ಪದರ ಅಯಾನುಗೋಳದಲ್ಲೂ ಅಲೆ ಏಳುತ್ತದೆ. ಅದನ್ನು ದಾಟಿ ಬರುವ ಜಿಪಿಎಸ್ ಸಂಕೇತದಲ್ಲಿ ಆ ಅಲೆಯನ್ನು ಹಿಡಿಯಲೆಂದೇ ನಾನು ಈ ಮಾಳಿಗೆಯ ಮೇಲೆ ಆಂಟೆನಾ ಇಟ್ಟಿರುವುದು, ನನ್ನ ಜೊತೆ ಸಂಶೋಧನೆ ಮಾಡುವ ವಿಜಯೇಂದ್ರ ರಾಣೆಬೆನ್ನೂರಿನಲ್ಲಿ ತಾನಿರುವ ಮನೆಯ ಮೇಲೆ ಇಟ್ಟಿರುವುದು. ಸುಮಾತ್ರಾ ನಡುಗಿದ ಬೆಳಿಗ್ಗೆ ಅವನ ಗ್ರಾಫಿನಲ್ಲಿ ಅಲೆ ಚೆಂದವಾಗಿ ಎದ್ದಿತು. ನನ್ನದು ಖಾಲಿ. ಮನೆಯೊಡತಿ ಸೋಮವ್ವ ಆಂಟೆನಾಕ್ಕೆ ಹಸಿ ಗೋಣಿತಟ್ಟು ಹೊದಿಸಿದ್ದರು. ನೀರು ಆ ಸಂಕೇತವನ್ನು ಒಳಗೆ ಬಿಡುವುದಿಲ್ಲ.

"ಖಾರದ ಧೂಳ ಹೊಕ್ಕು ಕೆಟ್ಟಗಿಟ್ಟೀತಂತ ಮುಚ್ಚೇನಿ ನೋಡವಾ. ತಪ್ಪಾತೇನು?" ಎಂದರು.

ಪ್ರೊಫೆಸರು ಫೋನಿನಲ್ಲಿ ವಿಜಯೇಂದ್ರನನ್ನು ಹೊಗಳಿದ್ದೇ ಹೊಗಳಿದ್ದು. ಜಪಾನಿನ ಸಮ್ಮೇಳನಕ್ಕೂ ಅವನೇ ಹೋಗುತ್ತಾನಂತೆ. ಹೊಟ್ಟೆ ಉರಿಯುತ್ತಿದೆ, ಸುಳ್ಳೇಕೆ ಹೇಳಲಿ. ಅಷ್ಟು ಜನ ಸತ್ತ ಮೇಲೆ ಇನ್ನೊಂದು ಭೂಕಂಪ ಬರಲಿ ಎನ್ನಲೂ ನಾಲಿಗೆ ಏಳುವುದಿಲ್ಲ.

ಕೆಮ್ಮು ಬಿಟ್ಟಿಲ್ಲ, ಜ್ಯೇಷ್ಠಮಧು ಕಳಿಸು.

ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ವಿಜಯೇಂದ್ರ ಇರುವ ಮನೆಯವರಿಗೆ ಸೋಮವ್ವನ ಕೈಯಲ್ಲಿ ನಾಳೆ ಒಂದು ಚೀಲ ಮೆಣಸಿನಕಾಯಿ ಕಳಿಸುತ್ತಿದ್ದೇನೆ. ಮಾಳಿಗೆಯ ಮೇಲೆ ಹೇಗೆ ಒಣಗಿಸಬೇಕು, ಧೂಳಿಗೆ ಏನೇನು ಮುಚ್ಚಬೇಕು ಎಂದು ಸೋಮವ್ವನೇ ಅವರಿಗೆ ಹೇಳಿಕೊಡುತ್ತಾರೆ.

ಮೇಧಾ