ಹಳೆಯದು ಮೂರು ಲೋಟ, ಹೊಸದು ಒಂದು

ಕಾವ್‌ಶಿಯುಂಗ್ ಬಂದರು
ನವೆಂಬರ್ ೧೪, ಮಧ್ಯಾಹ್ನ

ಪ್ರೀತಿಯ ಲಿ-ಚ್ಯೂ ಅಕ್ಕಾ,

ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು, ಅತ್ತರೆ ಕಣ್ಣು ಹಾಳಾಗುತ್ತದೆ ಎಂದು ಅಮ್ಮ ನಿನ್ನ ಫೋನನ್ನೇ ಎತ್ತಿಟ್ಟಿದ್ದಾಳೆ. ಅದಕ್ಕೇ ನಿನ್ನ ಬಾಣಂತನಕ್ಕೆ ದಿನವೂ ಕಳಿಸುವ ಎಳ್ಳೆಣ್ಣೆಯ ಕೋಳಿಸಾರಿನ ಡಬ್ಬಿಯ ಅಡಿಯಲ್ಲಿ ಈ ಪತ್ರ. ಒಂದು ಕಿವಿ ರೇಡಿಯೋ ಕಡೆಗಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ದೋಣಿಯಲ್ಲಿ ಮೀನು ತುಂಬಿಡುವ ಕೋಣೆ ತೊಳೆಯಲು ನಾವು ಮಾರುವ ಹೊಸ ದ್ರಾವಣ ಹಳೆಯದರ ಮೂರು ಪಟ್ಟು ತೀಕ್ಷ್ಣ. ಆದ್ದರಿಂದ ಮೊದಲು ಹಾಕುತ್ತಿದ್ದುದರ ಮೂರರಲ್ಲಿ ಒಂದು ಪಾಲು ಸಾಕು. ದೋಣಿಗಳ ಫಿಲಿಪಿನೋ ಕೆಲಸಗಾರರಿಗಾಗಿ ಇದನ್ನು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆಯುವ ನಿನ್ನ ಕೆಲಸ ನನಗೆ ಬಂತು. ಆ ಪದಗಳನ್ನು ಜೋಡಿಸುವಾಗ ‘ಒಂದು ಪಾಲು’ ಎಲ್ಲೋ ಕಳೆದುಹೋಗಿ ‘ಮೂರು ಪಟ್ಟು ಹಾಕಿ’ ಎಂದಾಯಿತು. ನೀನಾದರೆ ವಾಕ್ಯದ ಕೆಳಗೆ ಹಳೆಯದು ಮೂರು ಲೋಟ, ಹೊಸದು ಒಂದು ಎಂದು ಅಂಕಿಯಲ್ಲೂ ಬರೆಯುತ್ತಿದ್ದೆ. ನಾನು ಬರೆಯಲಿಲ್ಲ. ಪರಿಶೀಲಿಸಿದವರ ಜಾಗದಲ್ಲಿ, ನೀನು ಮೇಜಿನಲ್ಲಿ ಬಿಟ್ಟುಹೋದ ನಿನ್ನ ಹೆಸರಿನ ಮುದ್ರೆಯನ್ನು ನಾನೇ ಒತ್ತಿದೆ.

ಇಂದು ಬೆಳಿಗ್ಗೆ ಉಳಿದ ಡಬ್ಬಿಗಳನ್ನು ಜೋಡಿಸುವಾಗ ತಪ್ಪು ಕಣ್ಣಿಗೆ ಬಿತ್ತು. ಮುಚ್ಚಿದ ಕೋಣೆಯಲ್ಲಿ ಅಷ್ಟು ಸುರಿದರೆ ಆ ಘಾಟಿಗೇ ಉಸಿರು ನಿಲ್ಲುತ್ತದೆ. ಮಾಲೀಕ ತ್ಸೈ ಅವರ ಬಳಿ ಓಡಿದೆ. “ನಿಮ್ಮಕ್ಕನ ಮುದ್ರೆ ಇದ್ಯಲ್ಲ, ಅವಳೇ ಉತ್ತರ ಹೇಳ್ಲಿ” ಎಂದರು. ಒತ್ತಿದವಳು ನಾನು ಎಂದೆ. “ಸ್ಕೂಲು ಅರ್ಧಕ್ಕೆ ಬಿಟ್ಟೋಳಿಗೆ ಧೈರ್ಯ ಮಾತ್ರ ಮೂರು ಪಟ್ಟು ನೋಡು!” ಎಂದು ಬೈಯುತ್ತಲೇ ರೇಡಿಯೋ ಹಿಡಿದರು.

ಡಬ್ಬಿ ಹೋಗಿದ್ದು ಮೂರು ದೋಣಿಗಳಿಗೆ. ಎರಡರಿಂದ ಉತ್ತರ ಬಂತು, ಅವರಿನ್ನೂ ತೊಳೆದಿಲ್ಲ. ಮೂರನೆಯದು ಮಾತಾಡುತ್ತಿಲ್ಲ. ಅದು ಭಾವನ ದೋಣಿ, ಅಕ್ಕಾ. ಕೋಣೆಗೆ ಮೊದಲು ಇಳಿಯುವವನು ಅವನೇ. ಎರಡು ತಾಸಿನಿಂದ ರೇಡಿಯೋದ ಗೊರಗೊರ ಕೇಳುತ್ತ ಕುಳಿತಿದ್ದೇನೆ. ಮಗುವಿಗೆ ಹನ್ನೆರಡು ದಿನ. ಅವನಿನ್ನೂ ಅದರ ಮುಖ ನೋಡಿಲ್ಲ.

ಏನೇ ಸುದ್ದಿ ಬಂದರೂ ನಾನೇ ಬಂದು ಹೇಳುತ್ತೇನೆ. ಅಮ್ಮ ಬಾಗಿಲು ತೆರೆಯದಿದ್ದರೆ ಬೀದಿಯಲ್ಲೇ ನಿಂತು ಕೂಗುತ್ತೇನೆ.

ನಿನ್ನ ತಂಗಿ
ಮಾನ್-ಯೂ

ತಾ.ಕ.: ಭಾವ ಸಿಕ್ಕ! ಅವರ ದೋಣಿಯ ರೇಡಿಯೋ ಕೆಟ್ಟಿತ್ತಂತೆ. “ಕೆಳಗೆ ಲೋಟದ ಲೆಕ್ಕಾನೇ ಇಲ್ಲ. ಮುದ್ರೆ ನನ್ನ ಹೆಂಡ್ತೀದು, ಬರಹ ಅವಳದ್ದಲ್ಲ ಅಂತ ಡಬ್ಬಿ ಮುಚ್ಚೇ ಇಟ್ಟಿದೀನಿ. ಏನು ನಾದಿನಿ, ನಿಂದೇನಾ ಈ ಪ್ರತಾಪ?” ಎಂದ. ಇನ್ನು ಈ ಪತ್ರ ಹರಿದುಹಾಕು ಎಂದರು ಮಾಲೀಕರು. ಹರಿಯಲಿಲ್ಲ, ಏಕೆಂದರೆ ಒಂದು ಮಾತು ಮೇಲೆ ಬರೆದಿಲ್ಲ. ಮುದ್ರೆ ಒತ್ತುವಾಗಲೇ ನನಗೆ ಅನುಮಾನವಿತ್ತು. ಚೀಟಿ ಇಟ್ಟು ನಿನ್ನನ್ನು ಕೇಳಲು ಸಾರಿನ ಡಬ್ಬಿ ಆಗಲೂ ಇತ್ತು. ನೀನು ನಗುತ್ತೀ ಎಂದು ಕೇಳಲಿಲ್ಲ. ನಿನ್ನ ಮುದ್ರೆಯನ್ನು ಈ ಪತ್ರದೊಳಗಿಟ್ಟು ಹಿಂದಿರುಗಿಸುತ್ತಿದ್ದೇನೆ.